ಹಂಗಳದಲ್ಲಿ ಇಳಿದ ದಿನ

ಮೈಸೂರಿನಿಂದ ಊಟಿಯ ಕಡೆಗೆ ಹೋಗುವ ಬಸ್ಸು ಗುಂಡ್ಲುಪೇಟೆಯನ್ನು ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಹಂಗಳ ಸಿಗುತ್ತದೆ. ಬಂಡೀಪುರದ ಸಫಾರಿಗೆ ಹೊರಟವರೆಲ್ಲ ಈ ಊರನ್ನು ಹಾದೇ ಹೋಗಬೇಕು. ಇಳಿಯುವವರು ಮಾತ್ರ ಬಹಳ ಕಡಿಮೆ. ಹಿಂದಿನ ಮೂರು ಪ್ರವಾಸಗಳಲ್ಲಿ ನಾನೂ ಇಳಿದಿರಲಿಲ್ಲ. ಈ ಸಲ ಇಳಿಯಲೇಬೇಕೆಂದು ಹೊರಟಿದ್ದಕ್ಕೆ ಮನಸ್ಸಿನಿಂದ ಹೋಗದ ಒಂದು ಸುದ್ದಿ ಕಾರಣ. 2025ರ ಜೂನ್ ತಿಂಗಳಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ಅರಣ್ಯ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು.

ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಯಜಮಾನರೊಡನೆ ಮಾತಿಗೆ ತೊಡಗಿದೆ. ಹಿಂದಿನ ವರ್ಷ ಕಾಡಂಚಿನಲ್ಲಿ ಮೇಯುತ್ತಿದ್ದ ಅವರ ಕರೆಯುವ ಹಸುವನ್ನು ಹುಲಿ ಹಿಡಿದಿತ್ತು. ಹುಲಿಯು ತಾನು ಕೊಂದ ದೊಡ್ಡ ಪ್ರಾಣಿಯನ್ನು ಒಂದೇ ಸಲಕ್ಕೆ ತಿಂದು ಮುಗಿಸದೆ ಮತ್ತೆ ಮತ್ತೆ ಅದೇ ಜಾಗಕ್ಕೆ ಮರಳುತ್ತದೆಂಬುದು ಇಲ್ಲಿ ದನ ಕಾಯುವ ಪ್ರತಿಯೊಬ್ಬರಿಗೂ ಗೊತ್ತು. ಸಿಟ್ಟಿನಲ್ಲಿ ಕೈತಪ್ಪಿ ಕಳೇಬರಕ್ಕೆ ವಿಷ ಬೆರೆಸುವುದು ಆ ಮೊದಲ ರಾತ್ರಿಯಲ್ಲಿಯೇ. ಅಂದು ಸಂಜೆ ಬೀದಿಯ ಒಬ್ಬ ಹುಡುಗ ಇವರೊಡನೆ ನಿಂತು, ಕಳೇಬರವನ್ನು ಕದಲಿಸದೆ ಮೊಬೈಲಿನಲ್ಲಿ ಚಿತ್ರ ತೆಗೆದು, ಅರಣ್ಯ ಸಿಬ್ಬಂದಿಗೆ ಫೋನ್ ಮಾಡಿ, ಪಶುವೈದ್ಯರು ಬಂದು ಮಹಜರು ಮುಗಿಯುವ ತನಕ ಜೊತೆಗಿದ್ದು, ಪರಿಹಾರದ ಅರ್ಜಿಯನ್ನೂ ತಾನೇ ಬರೆದುಕೊಟ್ಟನಂತೆ. "ಆ ಹುಡ್ಗ ಬರ್ದೇ ಇದ್ದಿದ್ರೆ ನಾನೂ ಏನ್ ಮಾಡ್ಬುಡ್ತಿದ್ನೋ ಕಣವ್ವ" ಎಂದು ಹೇಳಿ ಅವರು ಲೋಟವನ್ನು ಕೆಳಗಿಟ್ಟರು. ಹಣ ಕೈಗೆ ಬರಲು ತಿಂಗಳುಗಳೇ ಹಿಡಿದವು. ಆದರೆ ಯಾರೋ ಕೇಳುವವರಿದ್ದಾರೆಂಬ ಧೈರ್ಯ ಅದೇ ದಿನ ಬಂದಿತ್ತು.

ಬಂಡೀಪುರ, ನಾಗರಹೊಳೆಗಳ ಸುತ್ತಲಿನ ಹಳ್ಳಿಗಳಲ್ಲಿ ಇದೇ ಕೆಲಸವನ್ನು 'ವೈಲ್ಡ್ ಸೇವೆ' ಎಂಬ ಕಾರ್ಯಕ್ರಮವು 2015ರಿಂದ ವ್ಯವಸ್ಥಿತವಾಗಿ ಮಾಡುತ್ತಿದೆ. ನಗರದಲ್ಲಿರುವ ನಾವು ಹುಲಿಗಾಗಿ ಹಣವನ್ನೋ ಸಮಯವನ್ನೋ ಕೊಡುವುದಾದರೆ, ಅದು ಹಸು ಕಳೆದುಕೊಂಡವರ ಬಾಗಿಲಿಗೆ ತಲುಪುವಂತಹ ಇಂತಹ ಕೆಲಸಕ್ಕೇ ಮೊದಲು ಸಲ್ಲಬೇಕೆಂದು ನನಗೆ ಅಲ್ಲಿ ಕುಳಿತಾಗ ಖಚಿತವಾಯಿತು. 2022ರ ಗಣತಿಯಲ್ಲಿ ಕರ್ನಾಟಕದ 563 ಹುಲಿಗಳನ್ನು ಎಣಿಸಿ ನಾವು ಹೆಮ್ಮೆಪಟ್ಟೆವು. ಆ ಹುಲಿಗಳ ನೆರೆಯಲ್ಲಿ ದನ ಕಟ್ಟಿಕೊಂಡು ಬದುಕುವವರು ಇವರು.

ಈ ಊರಿನ ದನಗಳಿಗೂ ನಮ್ಮ ಕಾಫಿಯ ಲೋಟಕ್ಕೂ ನಂಟಿದೆ. ಹಿಂದೊಮ್ಮೆ ಕಾಫಿಯ ಬೆಲೆ ಏರಿದಾಗ ತೋಟಗಳಿಂದ ಸಗಣಿ ಗೊಬ್ಬರಕ್ಕೆ ಬೇಡಿಕೆ ಬಂದು, ಗೊಬ್ಬರಕ್ಕೆಂದೇ ಹೆಚ್ಚು ದನ ಸಾಕಿ ಕಾಡಿಗೆ ಮೇಯಲು ಬಿಡುವ ರೂಢಿ ಬೆಳೆದಿತ್ತು. ದನಗಳು ಹುಲ್ಲನ್ನು ಮುಗಿಸಿದರೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಅವು ಕಡಿಮೆಯಾದಲ್ಲಿ ಹುಲಿಗೆ ಕೊಟ್ಟಿಗೆಯ ದನವೇ ಸುಲಭದ ಬೇಟೆಯಾಗುತ್ತದೆ.

ಮಧ್ಯಾಹ್ನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆ. ಖಾಸಗಿ ವಾಹನಗಳನ್ನು ಬುಡದಲ್ಲಿಯೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕೆಂಬ ನಿಯಮ ಬಹಳ ಒಳ್ಳೆಯದು. ಬೆಟ್ಟದ ಮೇಲೆ ಮಂಜು, ಗಾಳಿ, ಕೆಳಗೆ ಕಣ್ಣು ಹರಿಯುವಷ್ಟು ದೂರ ಕಾಡು.

ಬಂಡೀಪುರದಲ್ಲಿ ಸಂಜೆಯ ಸಫಾರಿಗೆ ಹುಲಿ ಕಾಣಲಿಲ್ಲ. ಮರಳುವಾಗ ಮುಂದಿನ ಕಾರಿನಿಂದ ಒಬ್ಬರು ಮಂಗಗಳಿಗೆ ಚಿಪ್ಸ್ ಎಸೆಯುತ್ತಿದ್ದುದನ್ನು ಕಂಡು ನನಗೆ ನಿಜಕ್ಕೂ ನೋವಾಯಿತು; ಆಹಾರದ ಆಸೆಗೆ ಪ್ರಾಣಿಗಳು ರಸ್ತೆಗೆ ಬಂದರೆ ವೇಗದ ವಾಹನಗಳಿಗೆ ಬಲಿಯಾಗುತ್ತವೆ. ಈ ಕಾಡನ್ನು ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂದಿತು. ಅದರ ತೆರವಿಗಾಗಿ ಒತ್ತಡ ಬಂದಾಗಲೆಲ್ಲ ಬೇಡವೆಂದು ದನಿ ಎತ್ತಬೇಕಾದವರು ಈ ದಾರಿಯಲ್ಲಿ ಓಡಾಡುವ ನಾವೇ.

ಕತ್ತಲಾಗುವ ಮೊದಲು ಬಸ್ಸು ಮತ್ತೆ ಹಂಗಳವನ್ನು ದಾಟಿತು. ರಸ್ತೆಯಂಚಿನಲ್ಲಿ ಅದೇ ಯಜಮಾನರು ಕೋಲು ಹಿಡಿದು, ಮನೆಯ ಕಡೆಗೆ ನಡೆಯುತ್ತಿದ್ದ ದನಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.