ಆಗುಂಬೆಯ ಮಳೆಯಲ್ಲಿ ಮೆಗಾಡೆತ್ ಜಗಳ

ಜೋಗ, ಇಕ್ಕೇರಿ, ಕವಲೇದುರ್ಗಗಳ ಕುರಿತು ಕನ್ನಡದಲ್ಲಿ ಬೇಕಾದಷ್ಟು ಬರಹಗಳಿರುವುದರಿಂದ ಅವುಗಳನ್ನು ಇಲ್ಲಿ ಮತ್ತೆ ವರ್ಣಿಸುವುದಿಲ್ಲ. ಈ ಮಳೆಗಾಲದ ಮಲೆನಾಡು ಪ್ರವಾಸದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಆಗುಂಬೆಯ ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯೊಂದರಲ್ಲಿ ಕೇಳಿದ, ಮೆಗಾಡೆತ್ ಎಂಬ ಹಳೆಯ ಥ್ರಾಶ್ ಮೆಟಲ್ (ಅತಿವೇಗದ, ಅಬ್ಬರದ ರಾಕ್ ಸಂಗೀತ) ಬ್ಯಾಂಡಿನ ಕುರಿತ ವಾಗ್ವಾದ.

ಅಲ್ಲಿ ಅಷ್ಟು ಹೊತ್ತು ಕುಳಿತಿರಬೇಕಾಗಿ ಬಂದದ್ದು ನಾನು ಕಾಯ್ದಿರಿಸಿದ್ದ ಹೋಂಸ್ಟೇಯವರ ಕೃಪೆಯಿಂದ. ಬಸ್ಸಿಳಿಯುವ ಹೊತ್ತಿಗೆ ಜೀಪು ಕಳುಹಿಸುವುದಾಗಿ ಫೋನಿನಲ್ಲಿ ಹೇಳಿದ್ದವರು ಸಂಜೆಯವರೆಗೂ ಕಳುಹಿಸಲಿಲ್ಲ. ಕೊನೆಗೆ ಬಂದ ಜೀಪಿಗೆ ಬೇರೆಯೇ ಬಾಡಿಗೆ ಕೇಳಿದರು. ಮುಂಗಡ ಕೊಡುವ ಮೊದಲು ಜೀಪಿನ ಬಾಡಿಗೆ ಕೋಣೆಯ ದರದಲ್ಲಿ ಸೇರಿದೆಯೇ ಎಂಬುದನ್ನು ಸಂದೇಶದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮಳೆಗೆ ಕರೆಂಟು ಹೋದರೆ ಮೊಬೈಲ್ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ಸೂರ್ಯಾಸ್ತ ವೀಕ್ಷಣಾ ಸ್ಥಳಕ್ಕೆ ಈ ಕಾಲದಲ್ಲಿ ಹೋಗುವುದೂ ದಂಡ. ಮಂಜು ಮತ್ತು ಮಂಜಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವವರ ಹೊರತು ಅಲ್ಲಿ ಏನೂ ಕಾಣುವುದಿಲ್ಲ.

ಪಕ್ಕದ ಬೆಂಚಿನಲ್ಲಿ ಇಬ್ಬರಿದ್ದರು. ಹಿರಿಯರು ನಲವತ್ತರ ಆಸುಪಾಸಿನ ಅಡಿಕೆ ಬೆಳೆಗಾರರು. ಕೊಳೆರೋಗದ ಔಷಧಿಗೆಂದು ಕೊಂಡ ಮೈಲುತುತ್ತದ ಚೀಲ ಅವರ ಕಾಲ ಬಳಿಯಿತ್ತು. ಕಿರಿಯನು ಅವರ ಹೆಂಡತಿಯ ತಮ್ಮ, ಶಿವಮೊಗ್ಗದಲ್ಲಿ ಓದುತ್ತಿರುವವನು. ಅವನು ಮೊಬೈಲಿನಲ್ಲಿ ‘ಡಿಸ್ಟೋಪಿಯಾ’ ಹಾಕಿದ್ದೇ ಜಗಳದ ಮೂಲ.

1990ರ ‘ರಸ್ಟ್ ಇನ್ ಪೀಸ್’ ಆಲ್ಬಂ ನುಡಿಸಿದ ಡೇವ್ ಮಸ್ಟೇನ್, ಮಾರ್ಟಿ ಫ್ರೀಡ್‌ಮನ್, ಡೇವಿಡ್ ಎಲೆಫ್‌ಸನ್, ನಿಕ್ ಮೆನ್ಜಾ ಎಂಬ ನಾಲ್ವರೇ ಮೆಗಾಡೆತ್, ಉಳಿದದ್ದೆಲ್ಲ ಹೆಸರಿನ ಬಲದಿಂದ ನಡೆದ ವ್ಯಾಪಾರ ಎಂಬುದು ಭಾವನ ವಾದ. ಬ್ಯಾಂಡಿಗೆ ಮೊದಲ ಗ್ರ್ಯಾಮಿ ಬಂದದ್ದು 2017ರಲ್ಲಿ, ಅದೂ ಬ್ರೆಜಿಲಿನ ಕಿಕೊ ಲೊರೆರೊ ಗಿಟಾರ್ ನುಡಿಸಿದ ‘ಡಿಸ್ಟೋಪಿಯಾ’ ಹಾಡಿಗೆ ಎಂದು ಹುಡುಗ ನೆನಪಿಸಿದ.

“ಎಂತ ಮಾರಾಯ, ಪ್ರಶಸ್ತಿ ಬಂದ್ರೆ ಹಾಡು ದೊಡ್ಡದಾಗ್ತದಾ?”

“ಮೇಳದಲ್ಲಿ ವೇಷದವರು ವರ್ಷ ವರ್ಷ ಬದಲಾಗ್ತಾರಲ್ಲ ಭಾವ. ಭಾಗವತರಿದ್ದರೆ ಆಟ ನಡೀತದೆ. ಇಲ್ಲಿ ಮಸ್ಟೇನೇ ಭಾಗವತರು.”

“ಮದ್ದಳೆಯವರು ಬದಲಾದ್ರೆ ಪದದ ನಡೆಯೇ ಬದಲಾಗ್ತದೆ. ಅದು ನಿನ್ನ ಕಿವಿಗೆ ಬೀಳೂದಿಲ್ವಾ?”

ಈ ಮಾತಿನಲ್ಲಿ ಭಾವನೇ ಸರಿ ಎಂದು ನನಗೆ ತೋರಿತು. 1983ರಲ್ಲಿ ತಾನಿದ್ದ ಮೆಟಾಲಿಕಾ ಬ್ಯಾಂಡಿನವರು ಹೊರಹಾಕಿದಾಗ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಸ್ಸಿನಲ್ಲಿ ಮರಳಿದ ಮಸ್ಟೇನ್ ಅದೇ ವರ್ಷ ಮೆಗಾಡೆತ್ ಕಟ್ಟಿದ; ಅಂದಿನಿಂದ ಅದರ ಎಲ್ಲ ಆಲ್ಬಂಗಳಲ್ಲೂ ಇರುವವನು ಅವನೊಬ್ಬನೇ, ಹಾಡುಗಳಲ್ಲಿ ಬಹುಪಾಲು ಅವನವೇ. ಆದರೂ ಮೊದಲ ಎರಡು ಆಲ್ಬಂಗಳಿಗೆ ಡ್ರಮ್ಮರ್ ಗಾರ್ ಸ್ಯಾಮ್ಯುಯೆಲ್‌ಸನ್ ಮತ್ತು ಗಿಟಾರಿಗ ಕ್ರಿಸ್ ಪೋಲಂಡ್ ಜಾಝ್ ಫ್ಯೂಷನ್ನಿನಿಂದ (ಜಾಝ್ ಮತ್ತು ರಾಕ್ ಬೆರೆತ ಸಂಗೀತ) ತಂದ ಬಳುಕು, ಅವರಿಬ್ಬರೂ ಹೊರಬಿದ್ದ ಬಳಿಕ 1988ರಲ್ಲಿ ಬಂದ ಮೂರನೆಯ ಆಲ್ಬಂನಲ್ಲಿ ಹುಡುಕಿದರೂ ಸಿಗುವುದಿಲ್ಲ. ಯಾರು ಬಂದರೂ ವೇಗಕ್ಕೆ ಕೊರತೆಯಾಗಲಿಲ್ಲ, ಬದಲಾದದ್ದು ಆ ವೇಗದೊಳಗಿನ ಸೊಗಸು.

ಹುಡುಗ ಸೋಲುವವನಲ್ಲ. 2021ರಲ್ಲಿ ಎಲೆಫ್‌ಸನ್‌ನನ್ನು ಕೈಬಿಟ್ಟ ಮೇಲೆ, ಮುಂದಿನ ವರ್ಷದ ಆಲ್ಬಂಗಾಗಿ ಅವನು ಆಗಲೇ ನುಡಿಸಿಟ್ಟಿದ್ದ ಬಾಸ್ ತೆಗೆದು ಸ್ಟೀವ್ ಡಿಜಾರ್ಜಿಯೊನಿಂದ ಹೊಸದಾಗಿ ನುಡಿಸಿದ್ದನ್ನು ಎತ್ತಿ, “ಕೇಳುವಾಗ ನಿಮಗೆ ವ್ಯತ್ಯಾಸ ಗೊತ್ತಾಯ್ತಾ?” ಎಂದು ಕೆಣಕಿದ. ಅದಕ್ಕೆ ಉತ್ತರಿಸದ ಭಾವ, 2008ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಗಾಡೆತ್ತನ್ನು ಕಣ್ಣಾರೆ ಕಂಡವನು ತಾನು ಎಂದು ಎದೆಯುಬ್ಬಿಸಿದರು. ಹುಡುಗ ಬೆರಳು ಮಡಚತೊಡಗಿದ.

“ಅವತ್ತು ಗಿಟಾರ್ ಕ್ರಿಸ್ ಬ್ರಾಡ್ರಿಕ್, ಬಾಸ್ ಲೊಮೆನ್ಜೊ, ಡ್ರಮ್ಸ್ ಶಾನ್ ಡ್ರೋವರ್. ನಿಮ್ಮ ನಾಲ್ವರಲ್ಲಿ ಮೂವರು ಇರ್ಲೇ ಇಲ್ಲ. ಹಾಗಾದ್ರೆ ನೀವು ನೋಡಿದ್ದು ಮೆಗಾಡೆತ್ ಅಲ್ವಾ ಭಾವ?”

ಕವಳಕ್ಕೆಂದು ಎಲೆಗೆ ಸುಣ್ಣ ಹಚ್ಚುತ್ತಿದ್ದ ಭಾವನ ಬೆರಳು ಅರೆಕ್ಷಣ ನಿಂತಿತು.

“ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಲ್ಲಿ ನಿಂತ್ಕೊಂಡೇ ಹೋಗಿದ್ದೆ ಮಾರಾಯ. ಅದು ಮೆಗಾಡೆತ್ತೇ!”

ವಾದವೆಂದರೆ ಇದು ನಿಲ್ಲುವಂಥದ್ದಲ್ಲ, ಆದರೂ ಹುಡುಗನ ಬಾಯಿ ಕಟ್ಟಿತು. ಫ್ರೀಡ್‌ಮನ್ 2023ರಲ್ಲಿ ಟೋಕಿಯೊದ ಬುಡೊಕಾನ್ ವೇದಿಕೆಗೆ ಅತಿಥಿಯಾಗಿ ಬಂದು ಮತ್ತೆ ಮೆಗಾಡೆತ್ ಜೊತೆ ನುಡಿಸಿದ್ದನ್ನು ಭಾವ ಬಹಳ ಪ್ರೀತಿಯಿಂದ ವಿವರಿಸಿದರು. ಮೆನ್ಜಾ 2016ರಲ್ಲಿ ಡ್ರಮ್ಸ್ ನುಡಿಸುತ್ತಿರುವಾಗಲೇ ಕುಸಿದು ತೀರಿಕೊಂಡಿರುವುದರಿಂದ ಆ ನಾಲ್ವರು ಇನ್ನು ಒಂದಾಗುವ ಮಾತೇ ಇಲ್ಲವೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿಸಿತು. ನಾನು ಚೀಲ ಎತ್ತಿಕೊಳ್ಳುವಾಗ ಹುಡುಗ, “ನೀವು ಯಾರ ಕಡೆ ಸರ್?” ಎಂದು ಕೇಳಿದ. ಪೋಲಂಡ್ ಮತ್ತು ಸ್ಯಾಮ್ಯುಯೆಲ್‌ಸನ್ ಇದ್ದ 1986ರ ‘ಪೀಸ್ ಸೆಲ್ಸ್’ ಎದುರು ನಿಮ್ಮಿಬ್ಬರ ಮೆಗಾಡೆತ್ತೂ ಒಂದು ಕೈ ಕಡಿಮೆಯೇ ಎಂದೆ. ಅಲ್ಲಿಯವರೆಗೆ ಎದುರುಬದುರಾಗಿದ್ದ ಭಾವ, ಭಾವಮೈದುನ ಇಬ್ಬರೂ ಒಟ್ಟಾಗಿ ನನ್ನ ಮೇಲೆ ತಿರುಗಿಬಿದ್ದರು.