ಹುಣ್ಣಿಮೆಗೆ ಕಾಲು ಮುಟ್ಟುತ್ತೇವೆ, ಬಾಡಿಗೆಗೆ ಮನೆ ಕೊಡುವುದಿಲ್ಲ

ಸವದತ್ತಿಯವರಿಗೆ ಜೋಗಪ್ಪ ಅಂದರೆ ಯಾರು ಅಂತ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಗಂಡಾಗಿ ಹುಟ್ಟಿ ಹೆಣ್ಣಿನಂತೆ ಇರಬಯಸುವ ಹುಡುಗನನ್ನು ಎಲ್ಲಮ್ಮ ಹಿಡಿದಿದ್ದಾಳೆ ಅಂತ ನಮ್ಮ ಕಡೆ ನಂಬುತ್ತಾರೆ. ದೇವಿಗೆ ಬಿಟ್ಟ ಗುರುತಾಗಿ ಕೊರಳಿಗೆ ಮುತ್ತು ಕಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಸೀರೆ, ಕುಂಕುಮ, ಕೈಯಲ್ಲಿ ಚೌಡಿಕೆ ಅನ್ನುವ ತಂತಿವಾದ್ಯ, ತಲೆಯ ಮೇಲೆ ದೇವಿಯ ಜಗ, ಅಂದರೆ ಮೂರ್ತಿ ಇಟ್ಟ ಬುಟ್ಟಿ. ಭಾರತ ಹುಣ್ಣಿಮೆಯ ಜಾತ್ರೆಗೆ ಎಲ್ಲಮ್ಮನ ಗುಡ್ಡಕ್ಕೆ ಬರುವ ಜನ ಅವರ ಕಾಲು ಮುಟ್ಟುತ್ತಾರೆ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾರೆ, ನೈವೇದ್ಯದ ಬುಟ್ಟಿ ಪಡ್ಡಲಗಿ ತುಂಬಿಸುತ್ತಾರೆ. ಜಾತ್ರೆ ಮುಗಿದ ಮೇಲೆ ಅದೇ ಜೋಗಪ್ಪ ಮನೆ ಬಾಡಿಗೆಗೆ ಕೇಳಲಿ. 'ಮನಿ ಖಾಲಿ ಇಲ್ರಿ' ಅಂತಾರೆ.

ನನ್ನದು ಇದೇ ಊರಲ್ಲಿ ಒಂದು ಅಂಗಡಿ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಹೊಲದ ಉತಾರ (ಪಹಣಿ), ಆನ್‌ಲೈನ್ ಅರ್ಜಿ. ಕೆಲವು ವರ್ಷದ ಹಿಂದೆ ಒಬ್ಬರು ಜೋಗಪ್ಪ ಅಕ್ಕ ಬಂದರು. ಹೆಸರು ಬರೆಯುವುದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ 2019ರ ಕಾಯ್ದೆ ಬಂದ ಮೇಲೆ ಅವರಿಗೆ ಜಿಲ್ಲಾಧಿಕಾರಿಯಿಂದ ಗುರುತಿನ ಚೀಟಿ ಕೊಡುವ ವ್ಯವಸ್ಥೆ ಆಯಿತು. 2020ರಲ್ಲಿ ಅದಕ್ಕೆ ಪೋರ್ಟಲ್ ಕೂಡ ಬಂತು. ಆಗಿನ ನಿಯಮದಲ್ಲಿ ಈ ಚೀಟಿಗೆ ವೈದ್ಯಕೀಯ ತಪಾಸಣೆ ಇರಲಿಲ್ಲ. ನಾನು ಇಂಥವಳು ಅಂತ ಅಫಿಡವಿಟ್ ಕೊಟ್ಟರೆ ಸಾಕಿತ್ತು. ಓದಿ ಹೇಳಿದಾಗ ಅಕ್ಕ, 'ಖರೇನ? ಯಾರೂ ಮುಟ್ಟಿ ನೋಡೂದಿಲ್ಲೇನ?' ಅಂತ ಎರಡು ಸಲ ಕೇಳಿದರು. ಅಂಥ ಪ್ರಶ್ನೆ ಕೇಳಬೇಕಾಗಿ ಬಂದವರ ಪಾಡು ಏನಿರಬೇಕು ಯೋಚಿಸಿ.

ಕೆಲಸ ಕೆಟ್ಟಿದ್ದು ಆಧಾರ್ ಹತ್ತಿರ. ಕಾರ್ಡ್ ಕಳೆದಿತ್ತು. ಡೌನ್‌ಲೋಡ್ ಮಾಡಲು ಹೋದರೆ ಒಟಿಪಿ ಹೋಗುವ ನಂಬರ್ ಅವರ ಅಣ್ಣನದು. ಫೋನ್ ಹಚ್ಚಿದೆವು. ದನಿ ಕೇಳಿದ ಕೂಡಲೇ ಕಟ್ ಮಾಡಿದರು. ಮತ್ತೆ ಹಚ್ಚಿದರೆ ಎತ್ತಲೇ ಇಲ್ಲ. ಅಕ್ಕ ಅತ್ತರು ಅಂತೇನಲ್ಲ. ಸೆರಗು ಸರಿ ಮಾಡಿಕೊಂಡು ನಿಧಾನಕ್ಕೆ ಹೇಳಿದರು: 'ಹುಣ್ಣಿಮಿಗೆ ಚಕ್ಕಡಿ ಕಟ್ಟಿಕೊಂಡು ಬಂದು ನನ್ನ ಉಡಿ ತುಂಬತಾನ ತಂಗಿ. ಹೊಲದ ವಾಟ್ನಿ ಆದಾಗ ಉತಾರದಾಗ ನನ್ನ ಹೆಸರು ಬಿಟ್ಟ.' ಕೊನೆಗೆ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಬೆರಳು ಒತ್ತಿಸಿ, ಅವರದೇ ನಂಬರ್ ಜೋಡಿಸಿದೆವು. ಅರ್ಜಿ ಹೋಯಿತು. ಚೀಟಿಯೂ ಬಂತು. ಹೊಲದಲ್ಲಿ ಪಾಲು ಮಾತ್ರ ಇವತ್ತಿಗೂ ಬಂದಿಲ್ಲ.

ದೇವಿಯನ್ನು ನಾನು ಹೀಗಳೆಯುತ್ತಿಲ್ಲ. ಎಷ್ಟೋ ಕಡೆ ಇಂಥ ಮಕ್ಕಳಿಗೆ ನಿಲ್ಲಲು ನೆಲೆಯೇ ಇರದ ಕಾಲದಲ್ಲೂ ನಮ್ಮ ಗುಡ್ಡದಲ್ಲಿ ಒಂದು ಜಾಗ ಇತ್ತು. ಅದು ಸಣ್ಣ ಮಾತಲ್ಲ. ಮಂಜಮ್ಮ ಜೋಗತಿ ಅವರೂ ಮುತ್ತು ಕಟ್ಟಿಸಿಕೊಂಡೇ ಜೋಗತಿ ನೃತ್ಯ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಆದರೆ ದೇವಿಯ ಜಾಗಕ್ಕೆ ಒಂದು ಕರಾರು ಇದೆ. ಸೀರೆ ಉಡಬೇಕು, ಜೋಗ ಬೇಡಬೇಕು, ಮನೆ ಬಿಡಬೇಕು. ಈ ಕರಾರಿಗೆ ಹೊಂದದವರು ಎಲ್ಲಿಗೆ ಹೋಗಬೇಕು?

ಇದನ್ನು ಕೇಳಲು ನನಗೆ ಸ್ವಂತ ಕಾರಣ ಇದೆ. ನನ್ನ ತಮ್ಮ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹುಡುಗಿ ನೋಡಲು ಹೊರಟಾಗ ಬೇಡ ಅಂದ, ಯಾಕೆ ಅಂತಲೂ ಹೇಳಿದ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಲ್ಲವ್ವನ ಕಾಟ ಇರಬೇಕು, ಗುಡ್ಡಕ್ಕ ಕರಕೊಂಡ ಹೋಗೂಣು' ಅಂದಳು. ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ತಮ್ಮ ಸಿಟ್ಟಾಗಲಿಲ್ಲ. 'ಯವ್ವಾ, ನಾ ಗಂಡಸ ಅದೀನಿ. ನನಗ ಸೀರಿ ಬ್ಯಾಡ, ಮುತ್ತು ಬ್ಯಾಡ. ನನ್ನ ಮನಸು ಗಂಡಸರ ಕಡೆ ಐತಿ, ಅಷ್ಟ' ಅಂದ.

ಅವ್ವನನ್ನು ಬೈಯುವ ಮೊದಲು ಸುಪ್ರೀಂ ಕೋರ್ಟ್ ಏನು ಮಾಡಿತ್ತು ನೋಡಿ. 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 377ನೇ ಕಲಮು ಗಂಡು-ಗಂಡಿನ ಸಂಬಂಧವನ್ನು ಅಪರಾಧ ಮಾಡಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಮನಸ್ಸೊಪ್ಪಿ ಕೂಡುವ ವಯಸ್ಕರನ್ನು ಅದರಿಂದ ಬಿಡಿಸಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ನಾಲ್ಕೇ ತಿಂಗಳ ಮೇಲೆ, 2014ರ ಏಪ್ರಿಲ್ 15ರಂದು, ಅದೇ ಕೋರ್ಟ್ ತೃತೀಯ ಲಿಂಗಿಗಳಿಗೆ ತಮ್ಮ ಲಿಂಗ ತಾವೇ ಹೇಳಿಕೊಳ್ಳುವ ಹಕ್ಕಿದೆ ಅಂತು. ಅಂದರೆ ಆ ಅಕ್ಕನಿಗೆ ಹಕ್ಕು, ನನ್ನ ತಮ್ಮನಿಗೆ ಜೈಲಿನ ಭಯ. ನಮ್ಮ ಅವ್ವನ ಲೆಕ್ಕವೂ ಇದೇ ಅಲ್ವಾ? 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಸೇರಿ ಸರಿ ಮಾಡುವವರೆಗೆ ಆ ಭಯ ಇತ್ತು.

ನಮ್ಮಲ್ಲಷ್ಟೇ ಹೀಗಲ್ಲ. ಬಾಂಗ್ಲಾದೇಶ 2013ರಲ್ಲಿ ಹಿಜಡಾಗಳನ್ನು ಸರ್ಕಾರಿ ದಾಖಲೆಯಲ್ಲಿ ಒಪ್ಪಿಕೊಂಡಿತು, 377 ಮಾತ್ರ ಹಾಗೇ ಉಳಿಸಿಕೊಂಡಿತು. ಪೆಸಿಫಿಕ್ ಸಮುದ್ರದ ಸಮೋವಾ ದ್ವೀಪದಲ್ಲಿ ಫಾಫಾಫಿನೆ ಅಂತ ಇದ್ದಾರೆ. ಗಂಡಾಗಿ ಹುಟ್ಟಿ ಹೆಣ್ಣಿನಂತೆ ಬದುಕುವವರು, ಮನೆಯವರ ಜೊತೆಗೇ ಇರುತ್ತಾರೆ, ಅಡುಗೆ, ಹಿರಿಯರ ಆರೈಕೆ ಎಲ್ಲದರಲ್ಲೂ ಬೇಕಾದವರು. ಅದೇ ದೇಶ 2013ರಲ್ಲಿ ಹೊಸ ಅಪರಾಧ ಕಾಯ್ದೆ ಬರೆದಾಗ ಹೆಣ್ಣಿನ ವೇಷ ಹಾಕುವುದು ಅಪರಾಧ ಅನ್ನುವ ಹಳೇ ಕಲಮು ಬಿಟ್ಟಿತು. ಗಂಡು-ಗಂಡಿನ ಸಂಬಂಧ ಮಾತ್ರ ಅಪರಾಧವಾಗಿಯೇ ಉಳಿಯಿತು. ಪದ್ಧತಿ ಕೊಟ್ಟ ಜಾಗ ಪದ್ಧತಿಗೆ ಬೇಕಾದವರಿಗೆ ಮಾತ್ರ. ಕಾನೂನು ಹಾಗಿರಬಾರದು. ಅದಕ್ಕೇ ಬೇಕು ಕಾನೂನು.

ಕಾನೂನು ಬಂದ ಮಾತ್ರಕ್ಕೆ ಎಲ್ಲ ಆಗುವುದಿಲ್ಲ ಅನ್ನುವುದೂ ನನ್ನ ಅಂಗಡಿಯಲ್ಲೇ ಕಾಣುತ್ತದೆ. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ತಂತು, ದೇಶದಲ್ಲೇ ಮೊದಲು. ಒಳ್ಳೆಯ ಕೆಲಸ. ಆದರೆ ಅರ್ಜಿ ತುಂಬಬೇಕಾದರೆ ಮಾರ್ಕ್ಸ್‌ಕಾರ್ಡ್ ಬೇಕು. ನನ್ನ ಹತ್ತಿರ ಬರುವ ಜೋಗಪ್ಪಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರೇ ಅಪರೂಪ. ಶಾಲೆಯಲ್ಲಿ ಕಾಡಿ ಕಾಡಿ ಓಡಿಸಿದ ಮೇಲೆ ಮೀಸಲಾತಿ ಯಾರಿಗೆ ಮುಟ್ಟಬೇಕು? ಶಾಲೆಯಿಂದಲೇ ಶುರುವಾಗಬೇಕು ಅಂತ ನಾನು ಬಂದ ಮಾಸ್ತರರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ಇನ್ನು ಒಂದೇ ಲಿಂಗದವರ ಮದುವೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದು ಸಂಸತ್ತಿಗೆ ಬಿಟ್ಟ ವಿಷಯ ಅಂದಿತು. ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ ಮಾಡಿಯೇ ಬಿಟ್ಟವು. ನಮ್ಮಲ್ಲಿ 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಒಂದು ಸ್ಪಷ್ಟನೆ ಕೊಟ್ಟಿದೆ. ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆಗೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು, ಅಡ್ಡಿ ಇಲ್ಲ. ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ. ತಮ್ಮ ಮತ್ತು ಅವನ ಗೆಳೆಯನಿಗೆ ನಾನೇ ಫೋನಿನಲ್ಲಿ ಹೇಳಿ ಫಾರ್ಮ್ ತುಂಬಿಸಿದೆ.

ಈ ದಸರೆಗೆ ಇಬ್ಬರೂ ಊರಿಗೆ ಬರುತ್ತೇವೆ ಅಂದಿದ್ದಾರೆ. ಅವ್ವ ಇನ್ನೂ ಹೂಂ ಅಂದಿಲ್ಲ. ಬರ್ರಿ ಅಂತ ನಾನು ಹೇಳಿಬಿಟ್ಟಿದ್ದೇನೆ, ನಮ್ಮ ಮನೆಯಲ್ಲೇ ಇರಲಿ.