‘ಈಗ ಬೇಡ’ ಅಂದ ಮೇಲೆ

ನಾನು ಜೆನೆಟಿಕ್ ಕೌನ್ಸೆಲರ್. ವಂಶಪಾರಂಪರ್ಯ ಕಾಯಿಲೆ ಇರುವ ಮನೆಯವರಿಗೆ ಅದರ ಬಗ್ಗೆ, ಟೆಸ್ಟಿನ ಬಗ್ಗೆ ತಿಳಿಸಿ ಸಲಹೆ ಕೊಡುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಒಂಬತ್ತು ವರ್ಷದ ಮಗನನ್ನು ಕರೆತಂದರು. ಗಂಡನಿಗೆ ಹಂಟಿಂಗ್ಟನ್ ಕಾಯಿಲೆ: ಮಿದುಳಿನ ನರಕೋಶಗಳು ನಿಧಾನವಾಗಿ ಹಾಳಾಗಿ, ಕೈಕಾಲು ತಾನಾಗಿ ಕುಣಿಯತೊಡಗುವ ವಂಶಪಾರಂಪರ್ಯ ಕಾಯಿಲೆ. ಅಪ್ಪನಿಗಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ‘ಇವನಿಗೂ ಟೆಸ್ಟ್ ಮಾಡಿಬಿಡಿ, ನನಗೆ ಗೊತ್ತಾಗಬೇಕು’ ಅಂದರು.

ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ. ಇದು ಸಾಮಾನ್ಯವಾಗಿ 30 ದಾಟಿದ ಮೇಲೆ ಕಾಣಿಸಿಕೊಳ್ಳುವ ಕಾಯಿಲೆ, ತಡೆಯುವ ಮದ್ದಿಲ್ಲ, ಲಕ್ಷಣವಿಲ್ಲದ ಮಕ್ಕಳಿಗೆ ಟೆಸ್ಟ್ ಮಾಡುವುದಿಲ್ಲ, 18 ತುಂಬಿದ ಮೇಲೆ ಬೇಕಿದ್ದರೆ ಅವನೇ ಬರಲಿ. ಎರಡು ನಿಮಿಷದಲ್ಲಿ ಮಾತು ಮುಗಿಯಿತು. ಅವರು ಗಂಡನ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಎದ್ದರು.

ನಾನು ಹೇಳಿದ್ದು ತಪ್ಪಲ್ಲ. ಈಗಲೂ ಅದನ್ನೇ ಹೇಳುತ್ತೇನೆ. ಈ ಕಾಯಿಲೆ ತರುವ ಜೀನ್ ಪತ್ತೆಯಾಗಿದ್ದು 1993ರಲ್ಲಿ. ಅಂದಿನಿಂದ ನೇರ ಟೆಸ್ಟ್ ಇದ್ದರೂ, ಇಂಥ ಮನೆಗಳಲ್ಲಿ ಹುಟ್ಟಿದ ದೊಡ್ಡವರಲ್ಲಿ ಹೆಚ್ಚಿನವರು ಅದನ್ನು ಮಾಡಿಸಿಕೊಂಡಿಲ್ಲ. ತಿಳಿಯದೇ ಇರುವುದೂ ಒಂದು ಆಯ್ಕೆ, ಅಲ್ವಾ? ಆ ಹುಡುಗನ ಪರವಾಗಿ ನಾವೇ ಅದನ್ನು ಕಿತ್ತುಕೊಂಡರೆ ಮತ್ತೆ ಕೊಡುವುದಕ್ಕಾಗುವುದಿಲ್ಲ.

ಎಲ್ಲ ಟೆಸ್ಟೂ ಹೀಗಲ್ಲ. ದೊಡ್ಡ ಕರುಳಲ್ಲಿ ನೂರಾರು ಗಂಟುಗಳಾಗಿ ಮುಂದೆ ಕ್ಯಾನ್ಸರ್ ತರುವ ಎಫ್‌ಎಪಿ ಅನ್ನುವ ವಂಶಪಾರಂಪರ್ಯ ಕಾಯಿಲೆ ಇದ್ದ ಮನೆಯಲ್ಲಿ ಮಕ್ಕಳಿಗೆ ಟೆಸ್ಟ್ ಮಾಡಿಸಿ ಅಂತ ನಾನೇ ಹೇಳುತ್ತೇನೆ. ಅಲ್ಲಿ 10–12ನೇ ವಯಸ್ಸಿಗೇ ಕರುಳಿನ ತಪಾಸಣೆ ಶುರುವಾಗಬೇಕು. ಆ ಜೀನ್ ಬಾರದ ಮಗುವಿಗೆ ಅದೆಲ್ಲ ಸುಮ್ನೆ ನೋವು.

ಕೆಲವು ತಿಂಗಳ ನಂತರ ಆ ತಾಯಿ ಮತ್ತೆ ಬಂದರು. ಈ ಸಲ ನಾನು ಕೇಳಿದ್ದು ಒಂದೇ: ‘ಯಾವಾಗಿಂದ ಈ ಟೆಸ್ಟ್ ಬೇಕು ಅನ್ನಿಸ್ತಿದೆ?’

‘ಅವನ ಕೈಯಿಂದ ಲೋಟ ಜಾರಿದರೂ ಎದೆ ಧಸಕ್ಕನ್ನುತ್ತೆ ಮೇಡಂ. ಊಟಕ್ಕೆ ಕೂತಾಗ ಅವನ ಮುಖ ನೋಡಲ್ಲ, ಬೆರಳು ನೋಡ್ತೀನಿ.’

ಅವರಿಗೆ ಬೇಕಿದ್ದದ್ದು ಮೂವತ್ತು ವರ್ಷದಾಚೆಯ ಉತ್ತರ ಅಲ್ಲ, ಇವತ್ತಿನದು. ಮಕ್ಕಳಲ್ಲೂ ಅಪರೂಪಕ್ಕೆ ಈ ಕಾಯಿಲೆ ಶುರುವಾಗುತ್ತದೆ, ಹಾಗಾಗಿ ಅವರ ಭಯವನ್ನು ತಳ್ಳಿಹಾಕುವಂತಿರಲಿಲ್ಲ. ನರರೋಗ ತಜ್ಞರು ಹುಡುಗನನ್ನು ನಡೆಸಿದರು, ಬೆರಳು ಆಡಿಸಿದರು, ಶಾಲೆಯಲ್ಲಿ ಓದು ಹೇಗಿದೆ ಅಂತ ವಿಚಾರಿಸಿದರು. ಯಾವ ಲಕ್ಷಣವೂ ಇರಲಿಲ್ಲ. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಟೆಸ್ಟಿನ ಮಾತು ಅವರು ಮತ್ತೆ ಎತ್ತಲಿಲ್ಲ. ‘ಅಪ್ಪನ ಕೈ ಯಾಕೆ ಹಾಗೆ ಕುಣಿಯುತ್ತೆ ಅಂತ ಕೇಳ್ತಾನೆ, ಏನು ಹೇಳಲಿ?’ ಅಂದರು. ಉಳಿದ ಒಂದು ಗಂಟೆ ಅದನ್ನೇ ಮಾತಾಡಿದೆವು.